ಒಂಬತ್ತು ಸೆಕೆಂಡಿನ ವಧೂವರಾನ್ವೇಷಣೆ

ಯಂತ್ರಗಳು ತಪ್ಪು ಮಾಡುತ್ತವೆ ಎಂದು ದೂರುವವರನ್ನು ಕಂಡರೆ ನನಗೆ ಪಾಪ ಎನಿಸುತ್ತದೆ. ಯಂತ್ರ ತಪ್ಪು ಮಾಡುವುದಿಲ್ಲ ಸ್ವಾಮಿ, ನಾವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ. ಹೆದರಬೇಕಾದ್ದು ಅದಕ್ಕೇ. ಮನುಷ್ಯರಿಗೆ ಒಂದು ಕೆಲಸ ಹೇಳಿದರೆ ಅರ್ಧ ಕೇಳಿಸಿಕೊಳ್ಳುತ್ತಾರೆ, ಕಾಲು ಮರೆಯುತ್ತಾರೆ, ಉಳಿದ ಕಾಲಿಗೆ ತಮ್ಮ ಬುದ್ಧಿ ಬೆರೆಸುತ್ತಾರೆ. ಹಾಗಾಗಿಯೇ ನಾವು ಆಡುವ ಮೂರ್ಖತನದ ಮಾತುಗಳಿಂದ ಲೋಕಕ್ಕೆ ಅಂಥ ಹಾನಿಯೇನೂ ಆಗಿಲ್ಲ. ಯಂತ್ರದ ಹತ್ತಿರ ಈ ರಿಯಾಯಿತಿ ಇಲ್ಲ. ಈ ಜ್ಞಾನೋದಯ ನನಗೆ ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಗ್ಗೆ ಎರಡನೆಯ ದೋಸೆ ತಟ್ಟೆಗೆ ಬೀಳುವ ಹೊತ್ತಿಗೆ ಆಯಿತು. ಆವತ್ತು ಬಿಟ್ಟ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಮೂವತ್ತಮೂರು ವರ್ಷ ಒಂದು ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ನನಗೆ ಬರುವುದು ಒಂದೇ ಕಂಪ್ಯೂಟರ್ ಭಾಷೆ, ಪರ್ಲ್. ಈಗಿನ ಹುಡುಗರ ಮುಂದೆ ಪರ್ಲ್ ಎಂದರೆ, ತಾತ ಧೋತ್ರ ಉಟ್ಟು ಶಾಪಿಂಗ್ ಮಾಲ್‌ಗೆ ಬಂದರೆ ನೋಡುತ್ತಾರಲ್ಲ, ಹಾಗೆ ಗೌರವದಿಂದ ನೋಡಿ ಮುಂದೆ ಹೋಗುತ್ತಾರೆ. ಆದರೆ ಅಕ್ಷರ ತುಂಬಿದ ದೊಡ್ಡ ದೊಡ್ಡ ಫೈಲುಗಳನ್ನು ಜಾಲಾಡಿ ಬೇಕಾದ ಪದ ಹೆಕ್ಕುವುದಕ್ಕೆ ಅದರಷ್ಟು ಒಗ್ಗಿದ ಭಾಷೆ ನನಗೆ ಇನ್ನೊಂದಿಲ್ಲ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದು. ಉಗ್ರಾಣದಲ್ಲಿರುವ ಬಿಡಿಭಾಗಗಳದ್ದು ಒಂದು ಫೈಲು, ಬೇಕಾದ ಬಿಡಿಭಾಗಗಳದ್ದು ಇನ್ನೊಂದು. ಎರಡರಲ್ಲೂ ಇರುವ ಪದಗಳನ್ನು ಹೊಂದಿಸಿ, ಯಾವ ಬೋಲ್ಟಿಗೆ ಯಾವ ನಟ್ಟು ಎಂದು ಹೇಳುವುದು. ವಿವರದಲ್ಲಿ ಹೆಚ್ಚು ಪದ ಹೊಂದಿಕೆಯಾದಷ್ಟೂ ಜೋಡಿ ಒಳ್ಳೆಯದು. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ನನ್ನ ಸರ್ವನಾಶಕ್ಕೆ ಕಾರಣವಾದದ್ದು ಇದೇ.

ನಿವೃತ್ತಿಯಾದ ಮೇಲೆ ಬೆಳಗಿನ ವಾಕಿಂಗು, ಪೇಪರು, ಹೆಂಡತಿ ಕೈಲಿ ಬೈಸಿಕೊಳ್ಳುವುದು, ಇಷ್ಟೆಲ್ಲ ಮುಗಿದರೂ ಗಡಿಯಾರ ಹತ್ತು ಗಂಟೆಯನ್ನೇ ತೋರಿಸುತ್ತಿತ್ತು. ಆಗ ಕಮಲಮ್ಮನವರು ಕರೆ ಕಳಿಸಿದರು. ಕಮಲಮ್ಮನವರು ಎಂದರೆ ಚಾಮರಾಜಪೇಟೆಯ ಒಂದು ಹಳೇ ಸಭಾಭವನದಲ್ಲಿ ಪ್ರತಿ ಭಾನುವಾರ ವಧೂವರ ಕೇಂದ್ರ ನಡೆಸುವವರು. ರಿಟೈರಾದ ಹೈಸ್ಕೂಲು ಮೇಡಂ, ಎಪ್ಪತ್ತೆಂಟು ವರ್ಷ. ಯಾರಿಂದಲೂ ಏನೂ ತೆಗೆದುಕೊಳ್ಳದೆ ಮೂವತ್ತೆಂಟು ವರ್ಷದಿಂದ ಸಂಬಂಧ ಕೂಡಿಸುತ್ತ ಬಂದಿದ್ದಾರೆ. ಹುಡುಗರಿಗೆ ನೀಲಿ ರಟ್ಟಿನ ನೋಟ್‌ಬುಕ್ಕುಗಳು, ಹುಡುಗಿಯರಿಗೆ ಕೆಂಪು ರಟ್ಟಿನವು. ಯಾವ ಹುಡುಗಿಗೆ ಯಾವ ಹುಡುಗ ಎಂಬುದು ಮಾತ್ರ ನೋಟ್‌ಬುಕ್ಕಿನಲ್ಲಲ್ಲ, ಅವರ ತಲೆಯಲ್ಲಿ. ನನಗೂ ನನ್ನ ಹೆಂಡತಿ ಶಾರದೆಗೂ ಗಂಟು ಹಾಕಿದವರು ಅವರೇ. ಮೂವತ್ತೆರಡು ವರ್ಷವಾದರೂ ಗಂಟು ಸಡಿಲವಾಗಿಲ್ಲ. ಬಿಚ್ಚುವುದಕ್ಕೆ ಇಬ್ಬರಿಗೂ ಪುರಸೊತ್ತಾಗಿಲ್ಲ ಎಂದು ಶಾರದೆ ಹೇಳುತ್ತಾಳೆ.

"ಕಣ್ಣು ಮಂಜಾಗ್ತಿದೆ ರಾಘು," ಎಂದರು ಕಮಲಮ್ಮನವರು. "ಹೆಸರುಗಳೂ ಮರ್ತೋಗ್ತಾವೆ. ಅದಕ್ಕೆ ನಮ್ಮ ಹುಡುಗೀರು ನಾಕು ಜನ ಸೇರ್ಕೊಂಡು ಎಲ್ಲಾ ನೋಟ್‌ಬುಕ್ಕೂ ಕಂಪ್ಯೂಟರಿಗೆ ಹಾಕಿದಾರೆ. ನೀನು ಅದೇನೋ ಹೊಂದಿಸೋ ಕೆಲಸ ಮಾಡ್ತಿದ್ಯಂತಲ್ಲ. ಒಂದಿಷ್ಟು ಮಾಡಿಕೊಡಪ್ಪ." ಅವರು ಕೊಟ್ಟ ಪೆನ್‌ಡ್ರೈವಿನಲ್ಲಿ ಎರಡೇ ಫೈಲು, ಎರಡೂ ಮಾರುದ್ದ. ಒಂದೊಂದು ಸಾಲೂ ಒಬ್ಬೊಬ್ಬರ ಪುರಾಣ: ಹೆಸರು, ತಂದೆತಾಯಿ, ಅಜ್ಜ ಅಜ್ಜಿ, ಗೋತ್ರ, ನಕ್ಷತ್ರ, ಮೂಲ ಊರು, ಓದು, ಕೆಲಸ, ಎತ್ತರ, ಸಂಗೀತ ಬರುತ್ತದೆಯೇ, ಬೆಳ್ಳುಳ್ಳಿ ತಿನ್ನುತ್ತಾರೆಯೇ. ಪ್ರತಿ ಸಾಲಿನ ಕೊನೆಯಲ್ಲಿ ಮನೆಯವರ ಮೊಬೈಲ್ ನಂಬರು. ಆ ವಿಷಯದಲ್ಲಿ ಕಮಲಮ್ಮನವರು ಬಹಳ ಕಟ್ಟುನಿಟ್ಟು. ವರ್ಷಕ್ಕೊಮ್ಮೆ ಕೇಂದ್ರದ ಸತ್ಯನಾರಾಯಣ ಪೂಜೆಗೆ ಎಲ್ಲರನ್ನೂ ಕರೆಯಬೇಕಲ್ಲ, ಅದಕ್ಕೆ.

ವಿಷಯ ಕೇಳಿದ ಕೂಡಲೇ ಶಾರದೆ ಸೌಟು ಹಿಡಿದುಕೊಂಡೇ ಹಜಾರಕ್ಕೆ ಬಂದಳು. "ರೀ, ಊರಿನವರ ಮದುವೆ ಆಮೇಲೆ ಮಾಡ್ಸಿ. ಮೊದಲು ನಮ್ಮ ಪದ್ದುಗೆ ಯಾರಾದ್ರೂ ಇದಾರಾ ನೋಡಿ."

ಪದ್ದು ನನ್ನ ತಂಗಿ, ಪದ್ಮಾವತಿ. ಐವತ್ತೆರಡು ವರ್ಷ, ನಮ್ಮ ಜೊತೆಗೇ ಬಸವನಗುಡಿಯಲ್ಲಿ ಇದ್ದಾಳೆ. ಮನೆಗೆ ಹತ್ತಿರದ ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸುವ ಕೆಲಸ. ಮಾತು ಕಡಿಮೆ, ಆದರೆ ಆಡಿದ ಮಾತು ಸರಿಯಾದ ಮನೆಗೇ ಮುಟ್ಟುತ್ತದೆ. ಕಮಲಮ್ಮನವರ ಕೆಂಪು ನೋಟ್‌ಬುಕ್ಕಿನಲ್ಲಿ ಅವಳ ಹೆಸರು ಬರೆಸಿ ಇಪ್ಪತ್ತೈದು ವರ್ಷದ ಮೇಲಾಯಿತು. ಎಲ್ಲೂ ಕೂಡಿಬರಲಿಲ್ಲ. ಯಾರೇ ಕೇಳಿದರೂ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ. ಎಲ್ಲೂ ಕೂಡಿಬರಲಿಲ್ಲ, ಋಣಾನುಬಂಧ, ಏನು ಮಾಡೋಕಾಗುತ್ತೆ. ಹಾಗೆ ಹೇಳಿ ಹೇಳಿ ನಿಟ್ಟುಸಿರು ಕೂಡ ಎಲ್ಲಿ ಬರಬೇಕೋ ಅಲ್ಲಿ ತಾನಾಗಿ ಬರುತ್ತದೆ. ಅವತ್ತು ಪದ್ದು ಆಫೀಸಿನಿಂದ ಬಂದು ಕೈಕಾಲು ತೊಳೆದವಳು ನನ್ನ ಕುರ್ಚಿಯ ಹಿಂದೆ ನಿಂತು, "ನನ್ನದೂ ಇದೆಯಾ ಅಣ್ಣ, ಆ ಫೈಲಲ್ಲಿ?" ಎಂದಳು. ಇದೆ ಎಂದೆ. "ಹೌದಾ. ಸುಮ್ನೆ ಕೇಳ್ದೆ," ಎಂದು ಒಳಗೆ ಹೋದಳು. ಸುಮ್ಮನೆ ಕೇಳಿದವರು ಅಷ್ಟು ಹೊತ್ತು ಕುರ್ಚಿಯ ಹಿಂದೆ ನಿಲ್ಲುವುದಿಲ್ಲ. ನನಗೂ ಹುರುಪು ಬಂತು. ಈ ಸಲ ನೋಡಿಯೇಬಿಡೋಣ ಎಂದುಕೊಂಡೆ.

ಪ್ರೋಗ್ರಾಮು ಬರೆಯಲು ನನಗೆ ಒಂದು ಗಂಟೆ ಸಾಕಾಯಿತು. ಓಡುವುದಕ್ಕೆ ಅದಕ್ಕೆ ಎಷ್ಟು ಬೇಕು ಎಂಬುದನ್ನು ನಾನು ಯೋಚಿಸಿರಲಿಲ್ಲ. ನಾನು ಹೇಳಿಕೊಟ್ಟದ್ದು ಇಷ್ಟು: ಮೊದಲ ಹುಡುಗಿಯ ಸಾಲಿನಿಂದ ಒಂದು ಪದ ತೆಗೆದುಕೋ, ಹುಡುಗರ ಫೈಲು ತೆರೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಆ ಪದಕ್ಕಾಗಿ ಹುಡುಕು, ಮುಚ್ಚು. ಎರಡನೆಯ ಪದ ತೆಗೆದುಕೋ, ಮತ್ತೆ ತೆರೆ, ಮತ್ತೆ ಮೊದಲಿನಿಂದ ಹುಡುಕು, ಮುಚ್ಚು. ಹೀಗೆ ಒಬ್ಬೊಬ್ಬ ಹುಡುಗಿಗೂ ಐವತ್ತು ಅರವತ್ತು ಸಲ. ಅಂಥ ಸಾವಿರಾರು ಹುಡುಗಿಯರು. ಯಂತ್ರ ಚಕಾರವೆತ್ತದೆ ಶುರು ಮಾಡಿತು. ಒಂದು ದಿನ ಓಡಿತು, ಎರಡು ದಿನ ಓಡಿತು. ಮೂರನೆಯ ದಿನ ಇಣುಕಿ ನೋಡಿದರೆ ಹೆಸರು 'ಅ' ಅಕ್ಷರದಿಂದ ಶುರುವಾಗುವ ಹುಡುಗಿಯರೇ ಇನ್ನೂ ಮುಗಿದಿರಲಿಲ್ಲ. ನಮ್ಮ ಪದ್ದುವಿನ ಸರದಿ ಬರುವಷ್ಟರಲ್ಲಿ ಅವಳು ರಿಟೈರಾಗುತ್ತಿದ್ದಳು.

ಆ ಮೂರು ದಿನ ಮನೆಯಲ್ಲಿ ಕರ್ಫ್ಯೂ. ಮಿಕ್ಸಿ ಹಾಕಿದರೆ ಫ್ಯೂಸು ಹೋಗುತ್ತದೆ, ಆದ್ದರಿಂದ ಚಟ್ನಿ ಇಲ್ಲ. ಇಸ್ತ್ರಿ ಇಲ್ಲ. ಗೀಸರ್ ಇಲ್ಲ. ಕಂಪ್ಯೂಟರಿನ ಸ್ವಿಚ್ಚಿನ ಮೇಲೆ ನಾನು 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದ್ದೆ. ಶಾರದೆ ಅದರ ಕೆಳಗೆ 'ಮಡಿಯಲ್ಲಿದೆ' ಎಂದು ಸೇರಿಸಿದ್ದಳು. ಮೂರನೆಯ ದಿನವೂ ಬರೀ ಮೊಸರನ್ನ ಬಡಿಸುತ್ತ, "ನಮ್ಮ ಮದುವೆಗೆ ಕಮಲಮ್ಮನವರು ತೊಗೊಂಡಿದ್ದು ಒಂದು ಲೋಟ ಕಾಫಿ ಕುಡಿಯೋ ಹೊತ್ತು. ಅದಕ್ಕೇ ಹೀಗಾಯ್ತೇನೋ, ಇನ್ನೊಂಚೂರು ಯೋಚ್ನೆ ಮಾಡ್ಬೇಕಿತ್ತು," ಎಂದಳು.

ಪದ್ದು ಊಟ ಮುಗಿಸಿ ಬಂದು ಪರದೆಯ ಮೇಲೆ ತೆವಳುತ್ತಿದ್ದ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು. "ಏನ್ ಮಾಡ್ತಿದೆ ಅಣ್ಣ ಇದು?" ಎಂದಳು. ನಾನು ವಿವರಿಸಿದೆ. ಗಂಭೀರವಾಗಿಯೇ ವಿವರಿಸಿದೆ, ಅಜ್ಞಾನಿಗಳಿಗೆ ವಿವರಿಸುವ ಧಾಟಿಯಲ್ಲಿ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಅಲ್ಲ, ಒಂದೊಂದು ಕಾಗದ ಕೈಲಿ ಹಿಡ್ಕೊಂಡು ಬೆಂಗಳೂರಿನ ಎಲ್ಲಾ ಮನೆ ಬಾಗಿಲೂ ತಟ್ಟಿ, 'ಇದು ನಿಮ್ದಾ, ಇದು ನಿಮ್ದಾ' ಅಂತ ಕೇಳ್ಕೊಂಡು ಬರ್ತಾ ಇದ್ಯಾ? ನಾವು ಹಾಗ್ ಮಾಡಿದ್ರೆ ಒಂದು ಚೀಲ ಖಾಲಿ ಆಗೋಕೆ ಯುಗಾದಿ ಬರುತ್ತೆ. ನಮ್ಮಲ್ಲಿ ಗೋಡೆಗೆ ಗೂಡುಗಳಿವೆ, ಒಂದೊಂದಕ್ಕೂ ಹೆಸರಿದೆ. ಕಾಗದ ನೋಡ್ತಿದ್ದ ಹಾಗೇ ಕೈ ಅದರ ಗೂಡಿಗೆ ಹೋಗುತ್ತೆ. ಹುಡುಕೋದೇ ಇಲ್ಲ."

ಹೌಹಾರಿದೆ. ಪರ್ಲಿನಲ್ಲಿ ಹ್ಯಾಶ್ ಎಂದು ಕರೆಯುವುದು ಇದನ್ನೇ! ಹುಡುಗರ ಫೈಲನ್ನು ಒಂದೇ ಒಂದು ಸಲ ಓದಿ, ಒಂದೊಂದು ಪದಕ್ಕೂ ಒಂದೊಂದು ಗೂಡು ಮಾಡಿ, ಆ ಪದ ಯಾರ ಯಾರ ಸಾಲಿನಲ್ಲಿದೆಯೋ ಅವರ ಹೆಸರನ್ನೆಲ್ಲ ಆ ಗೂಡಿನಲ್ಲಿ ಇಟ್ಟುಬಿಡುವುದು. ಆಮೇಲೆ ಹುಡುಗಿಯ ಪದ ಕೈಗೆ ಬಂದಾಗ ನೇರವಾಗಿ ಆ ಗೂಡಿಗೆ ಕೈ ಹಾಕುವುದು. ನಾನು ಮೂವತ್ತಮೂರು ವರ್ಷ ಪರ್ಲ್ ಬರೆದವನು, ಕಾರ್ಖಾನೆಗೆ ಹೊಸದಾಗಿ ಬಂದ ಹುಡುಗರಿಗೆ ಹ್ಯಾಶ್ ಬಗ್ಗೆ ಪಾಠ ಮಾಡಿದವನು, ಸ್ವಂತ ಮನೆಯಲ್ಲಿ ಮನೆಮನೆ ಬಾಗಿಲು ತಟ್ಟುತ್ತ ಕೂತಿದ್ದೆ. ಯಾರಾದರೂ ಮೇಲಧಿಕಾರಿ ಹೇಳಿದ್ದರೆ ವಾದ ಮಾಡಿ ಗೆಲ್ಲಬಹುದಿತ್ತು. ತಂಗಿ ಹೇಳಿದ್ದರಿಂದ "ಹ್ಞೂ, ನಾನೂ ಅದನ್ನೇ ಯೋಚ್ನೆ ಮಾಡ್ತಿದ್ದೆ" ಎಂದೆ. ಅವಳು ನಂಬಲಿಲ್ಲ, ಪಾಪ, ನಂಬಿದವಳ ಹಾಗೆ ತಲೆಯಾಡಿಸಿದಳು.

ಶನಿವಾರ ಸಂಜೆ ಹೊಸ ಪ್ರೋಗ್ರಾಮು ಓಡಿಸಿದೆ. ಗುಂಡಿ ಒತ್ತಿ, ಹೇಗೂ ಹೊತ್ತಾಗುತ್ತದೆ, ತರಕಾರಿ ತಂದುಬಿಡೋಣ ಎಂದು ಚೀಲ ಹಿಡಿದು ಎದ್ದೆ. ಚಪ್ಪಲಿಯ ಒಳಗೆ ಒಂದು ಕಾಲು ಹೋಗಿತ್ತು, ಅಷ್ಟರಲ್ಲಿ 'ಮುಗಿಯಿತು' ಎಂದಿತು. ಒಂಬತ್ತು ಸೆಕೆಂಡು! ಕೆಟ್ಟುಹೋಯಿತು ಎಂದೇ ಅಂದುಕೊಂಡೆ. ಕೆಟ್ಟಿರಲಿಲ್ಲ. ಒಬ್ಬೊಬ್ಬ ಹುಡುಗಿಯ ಎದುರಿಗೂ ಅತಿ ಹೆಚ್ಚು ಪದ ಹೊಂದಿಕೆಯಾದ ಒಬ್ಬ ಹುಡುಗನ ಹೆಸರು, ಸಾವಿರಾರು ಸಾಲು, ಒಂಬತ್ತು ಸೆಕೆಂಡಿನಲ್ಲಿ. ಕಮಲಮ್ಮನವರ ಮೂವತ್ತೆಂಟು ವರ್ಷದ ಕೆಲಸ! ಶಾರದೆ ಬಂದು, "ಎಲ್ಲಿ, ನಮ್ಮಿಬ್ಬರನ್ನ ಹಾಕಿ ನೋಡಿ" ಎಂದಳು. ಫೈಲಿನಲ್ಲಿ ನಾವೂ ಇದ್ದೇವೆಯೇ ಎಂದು ನೋಡುವ ಗೋಜಿಗೆ ಹೋಗದೆ ಅವಳ ವಿವರ, ನನ್ನ ವಿವರ ಎರಡನ್ನೂ ಟೈಪು ಮಾಡಿ ಹಾಕಿದೆ. ಹೊಂದಿಕೆಯಾದ ಪದ ಒಂದು: ಬೆಂಗಳೂರು. "ಅದೂ ನಮ್ಮಪ್ಪ ತುಮಕೂರಲ್ಲೇ ಉಳಿದಿದ್ರೆ ಇರ್ತಿರ್ಲಿಲ್ಲ," ಎಂದು ಅವಳು ಒಳಗೆ ಹೋದಳು. ಇದನ್ನು ನೋಡಿಯಾದರೂ ನಾನು ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ಒಂದೇ ಪದ ಹೊಂದಿದ ನಾವು ಮೂವತ್ತೆರಡು ವರ್ಷ ಬಾಳಿದ್ದೇವಾದರೆ, ಹದಿನೈದು ಇಪ್ಪತ್ತು ಪದ ಹೊಂದಿದವರು ಏನಾಗಿರಬಹುದು?

ಯೋಚಿಸಲಿಲ್ಲ. ಪಟ್ಟಿಯನ್ನು ಓದಲೂ ಇಲ್ಲ. ಯಂತ್ರ ಓದಿದೆಯಲ್ಲ, ನಾನೇಕೆ ಓದಲಿ? ಕೇಂದ್ರದಿಂದ ಪೂಜೆಯ ಆಹ್ವಾನ ಕಳಿಸುವುದಕ್ಕೆ ಎಲ್ಲರಿಗೂ ಒಟ್ಟಿಗೇ ಎಸ್ಸೆಮ್ಮೆಸ್ಸು ಹೋಗುವ ಏರ್ಪಾಡು ಇತ್ತು. ಕಮಲಮ್ಮನವರಿಗೆ ಅಚ್ಚರಿ ಆಗಲಿ ಎಂದು, ಅವರಿಗೂ ಹೇಳದೆ, ಭಾನುವಾರ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಅಷ್ಟೂ ಮನೆಗಳಿಗೆ ಶುಭಸಮಾಚಾರ ಹೋಗುವಂತೆ ಮಾಡಿ, ನೆಮ್ಮದಿಯಾಗಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬಂದೆ. ಒಂದು ದೋಸೆ ತಿಂದೆ. ಎರಡನೆಯದು ತಟ್ಟೆಗೆ ಬಿತ್ತು. ಮೇಜಿನ ಮೇಲಿದ್ದ ನನ್ನ ಮೊಬೈಲು ಟಣ್ ಎಂದಿತು. ಎದುರು ಕೂತಿದ್ದ ಪದ್ದು ಅದನ್ನೆತ್ತಿ ಓದಿದಳು. ಓದಿ ನನ್ನನ್ನು ನೋಡಿದಳು. ಮತ್ತೆ ಓದಿದಳು. "ಅಣ್ಣ," ಎಂದಳು, "ನನಗೆ ನೀನೇ ಬಂದಿದೀಯ."

"ಏನು?"

"'ಕನ್ಯೆ: ಪದ್ಮಾವತಿ. ಅತ್ಯುತ್ತಮ ವರ: ರಾಘವೇಂದ್ರ, ಬಸವನಗುಡಿ. ಹೊಂದಿಕೆಯಾದ ಪದಗಳು: ಹದಿನೇಳು. ಶುಭವಾಗಲಿ.'"

ಶಾರದೆಯ ಕೈಯಿಂದ ಸೌಟು ಕಳಚಿ ನೆಲಕ್ಕೆ ಬಿತ್ತು. ನಾನು "ರಾಮ ರಾಮಾ!" ಎಂದೆ. ಗಂಟಲಲ್ಲಿದ್ದ ದೋಸೆ ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ತಂದೆ ಒಬ್ಬರೇ, ತಾಯಿ ಒಬ್ಬರೇ, ಅಜ್ಜ, ಅಜ್ಜಿ, ಗೋತ್ರ, ಊರು, ಮನೆ ನಂಬರು, ರಸ್ತೆ, ಎಲ್ಲ ಒಂದೇ. ಹೊಂದದೆ ಏನು ಮಾಡೀತು? ಬೋಲ್ಟಿನ ಲೆಕ್ಕದಲ್ಲಿ ನೋಡಿದರೆ ಅಣ್ಣತಂಗಿಯರಷ್ಟು ಹೇಳಿಮಾಡಿಸಿದ ಜೋಡಿ ಪ್ರಪಂಚದಲ್ಲೇ ಇಲ್ಲ. ನಮ್ಮ ಜನದಲ್ಲಿ ಹೆಣ್ಣು ಗಂಡು ನೋಡುವಾಗ ಗೋತ್ರ ಒಂದೇ ಎಂದು ಗೊತ್ತಾದರೆ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ ಎಂಬುದು ಐದು ವರ್ಷದ ಮಗುವಿಗೂ ಗೊತ್ತು. ನನಗೂ ಐದು ವರ್ಷವಿದ್ದಾಗ ಗೊತ್ತಿತ್ತು. ಪರ್ಲ್ ಕಲಿತ ಮೇಲೆ ಮರೆತುಹೋಯಿತು.

ಆಗ ಫೋನುಗಳು ಶುರುವಾದವು. ವಿಚಾರಣೆಗೆ ಎಂದು ಕೇಂದ್ರದ ಹೆಸರಿನ ಕೆಳಗೆ ನಾನೇ ಹೆಮ್ಮೆಯಿಂದ ನನ್ನ ನಂಬರು ಹಾಕಿದ್ದೆ. ಮೊದಲನೆಯದು ಚಾಮರಾಜಪೇಟೆಯ ಒಬ್ಬ ಮಹನೀಯರದು. "ಏನ್ರೀ, ನನ್ ಮಗಳಿಗೆ ನನ್ ಮಗನ್ನೇ ಗಂಡು ಅಂತ ಕಳ್ಸಿದೀರಲ್ಲ, ತಲೆ ನೆಟ್ಟಗಿದ್ಯಾ? ಆಗ್ಲಿಂದ ಇಬ್ರೂ ನಗ್ತಾ ಕೂತಿದಾರೆ, ಮನೇಲಿ ನನ್ ಮಾನ ಹೋಯ್ತು!" ಎರಡನೆಯದು ಮಲ್ಲೇಶ್ವರದ ಒಬ್ಬ ಹೆಂಗಸಿನದು. ಅವರ ದನಿ ತಣ್ಣಗಿತ್ತು. "ನಮ್ಮನೆಯವರಿಗೆ ಹೆಣ್ಣು ನೋಡಿದೀರಂತೆ. ಸಂತೋಷ. ಹುಡುಗಿ ಅಡ್ರೆಸ್ ಕೊಡಿ, ಇವರ ಬಿಪಿ ಮಾತ್ರೆ ಯಾವಾಗ್ಯಾವಾಗ ಕೊಡ್ಬೇಕು ಅಂತ ನಾನೇ ಬರೆದು ಕಳಿಸ್ತೀನಿ." ಮೂರನೆಯವರು ಎನ್.ಆರ್. ಕಾಲೋನಿಯ ಒಬ್ಬ ಅಜ್ಜಿ. "ನನಗೆ ಮೂರು ಜನ ಮೊಮ್ಮಕ್ಕಳಿದಾರಪ್ಪ. ಆದ್ರೂ ಬಾಯಿ ತಡೀಲಿಲ್ಲ, ಕೇಳ್ತಿದೀನಿ. ಹುಡುಗ ಏನ್ ಮಾಡ್ಕೊಂಡಿದಾನೆ?"

ಮಧ್ಯಾಹ್ನದ ಹೊತ್ತಿಗೆ ಫೋನು ಕಾದ ಹಂಚಿನಷ್ಟು ಬಿಸಿಯಾಗಿತ್ತು, ನಾನು ತಣ್ಣಗಾಗಿದ್ದೆ. ಎಲ್ಲರೂ ಬೈದದ್ದು ನನ್ನನ್ನಲ್ಲ, ಕೇಂದ್ರವನ್ನು. ಮೂವತ್ತೆಂಟು ವರ್ಷದಲ್ಲಿ ಒಂದು ಮಾತು ಅನ್ನಿಸಿಕೊಳ್ಳದ ಕಮಲಮ್ಮನವರನ್ನು ಒಂದೇ ಬೆಳಗಿನಲ್ಲಿ ಊರಿಗೆ ಊರೇ ಅಂದಿತ್ತು. ಅವರು ಸಂಜೆ ಫೋನು ಮಾಡಿದರು. ಬೈಯಲಿಲ್ಲ. "ಊಟ ಆಯ್ತೇನಪ್ಪ?" ಎಂದು ಮೊದಲು ಕೇಳಿದರು. ಅಲ್ಲಿಗೆ ನನ್ನ ಜೀವ ಹೋಯಿತು.

"ಅಮ್ಮಾ, ಮದುವೆ ಆಗಿರೋವರೂ ಫೈಲಲ್ಲಿದಾರಲ್ಲ?" ಎಂದೆ, ಪಾಪದ ಒಂದು ಪಾಲನ್ನಾದರೂ ಬೇರೆಯವರ ಮೇಲೆ ಹಾಕುವ ಆಸೆಯಿಂದ.

"ನಾನು ಯಾರ ಹೆಸರೂ ಹೊಡೆದುಹಾಕಲ್ಲಪ್ಪ, ಅಪಶಕುನ. ಸಂಬಂಧ ಕುದುರಿದ್ರೆ ಹೆಸರಿನ ಪಕ್ಕದಲ್ಲಿ ಒಂದು ಕುಂಕುಮದ ಬೊಟ್ಟು ಇಡ್ತೀನಿ. ಟೈಪು ಮಾಡಿದ ಹುಡುಗೀರಿಗೆ ವಿವರ ಎಲ್ಲಾ ಟೈಪು ಹೊಡೀರಿ ಅಂದಿದ್ದೆ, ಹೊಡೆದಿದಾರೆ. ಕುಂಕುಮ ಹೇಗೆ ಹೊಡೀತಾರೆ?"

ಕೊನೆಗೆ ತೀರ್ಮಾನವಾದದ್ದು ಇಷ್ಟು. ಪ್ರತಿ ಮನೆಗೂ ಕ್ಷಮಾಪಣೆಯ ಎಸ್ಸೆಮ್ಮೆಸ್ಸು ಕಳಿಸುವುದು, ಅದನ್ನು ಮೊದಲು ಕಮಲಮ್ಮನವರಿಗೆ ಓದಿ ಹೇಳುವುದು. ಮುಂದಿನ ಭಾನುವಾರ ನಾನು ಖುದ್ದಾಗಿ ಹೋಗಿ ಅಷ್ಟೂ ನೋಟ್‌ಬುಕ್ಕುಗಳನ್ನು ಪುಟಪುಟ ನೋಡಿ, ಬೊಟ್ಟಿರುವವರನ್ನೆಲ್ಲ ಫೈಲಿನಿಂದ ತೆಗೆಯುವುದು. ಗೋತ್ರ ಒಂದೇ ಇದ್ದರೆ ಜೋಡಿಯನ್ನು ಕೈಬಿಡುವಂತೆ ಪ್ರೋಗ್ರಾಮು ತಿದ್ದುವುದಕ್ಕೆ ಎರಡೇ ಸಾಲು ಸಾಕಾಯಿತು. ಬೊಟ್ಟು ನೋಡುವುದಕ್ಕೆ ಯಾವ ಹ್ಯಾಶೂ ಇಲ್ಲ, ಕಣ್ಣೇ ಬೇಕು. "ನಾನೂ ಬರ್ತೀನಿ," ಎಂದಳು ಪದ್ದು. "ನಾನು ಓದ್ತೀನಿ, ನೀನು ಫೈಲಲ್ಲಿ ಸರಿ ಮಾಡ್ಕೋತಾ ಹೋಗು. ಒಬ್ಬನೇ ಕೂತ್ರೆ ನೀನು ಮತ್ತೆ ಮನೆಮನೆ ಬಾಗಿಲು ತಟ್ತೀಯ."

ಭಾನುವಾರ ಸಭಾಭವನದಲ್ಲಿ ಮೂವರೇ ಕೂತೆವು. ಆ ವಾರ ಬೇರೆ ಯಾರೂ ಬಂದಿರಲಿಲ್ಲ, ಯಾಕೆ ಬಂದಾರು? ಪದ್ದುವಿನ ಓದು ಕೇಳಬೇಕು ನೀವು. ಪುಟ ತಿರುವುತ್ತ, ಏರಿಳಿತವಿಲ್ಲದೆ, ಒಂದೇ ಹದದಲ್ಲಿ: "ನಳಿನಿ, ಬೊಟ್ಟಿದೆ. ನಾಗರತ್ನ, ಬೊಟ್ಟಿದೆ. ನಿರ್ಮಲ, ಇಲ್ಲ." ಹೆಸರಿನ ಕೆಳಗೆ ಕಮಲಮ್ಮನವರು ಸಣ್ಣ ಅಕ್ಷರದಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನೂ ಅದೇ ದನಿಯಲ್ಲಿ ಓದುತ್ತಿದ್ದಳು. ಟೈಪು ಮಾಡಿದವರು ಮುಖ್ಯ ವಿವರಗಳನ್ನು ಮಾತ್ರ ಹೊಡೆದು, ಈ ಟಿಪ್ಪಣಿಗಳನ್ನು ಬಿಟ್ಟಿದ್ದರು. ಎರಡನೆಯ ಕೆಂಪು ನೋಟ್‌ಬುಕ್ಕಿನ ನಡುವೆ ಎಲ್ಲೋ ಬಂತು. "ಪದ್ಮಾವತಿ, ಬಸವನಗುಡಿ. ಬೊಟ್ಟು ಇಲ್ಲ. ಹುಡುಗ ಜಯನಗರ, ಬ್ಯಾಂಕು. ಜಾತಕ ಕೂಡಿದೆ. ಅಣ್ಣನಿಗೆ ಕಾರ್ಡು. ಉತ್ತರ ಇಲ್ಲ."

ನನ್ನ ಬೆರಳುಗಳು ಕೀಲಿಗಳ ಮೇಲೆ ನಿಂತವು. ಅವಳು ನಿಲ್ಲಲಿಲ್ಲ. "ಹುಡುಗ ಮೈಸೂರು, ಲೆಕ್ಚರರ್. ಜಾತಕ ಕೂಡಿದೆ. ಅಣ್ಣನಿಗೆ ಕಾರ್ಡು. ಉತ್ತರ ಇಲ್ಲ. ಹುಡುಗ ಮಲ್ಲೇಶ್ವರ, ಇಂಜಿನಿಯರ್. ಅಣ್ಣನಿಗೆ ಕಾರ್ಡು. ಉತ್ತರ ಇಲ್ಲ." ಹೀಗೆ ಹನ್ನೊಂದು. ನಳಿನಿಯನ್ನೂ ನಾಗರತ್ನಳನ್ನೂ ಓದಿದ ದನಿಯಲ್ಲೇ ಹನ್ನೊಂದನ್ನೂ ಓದಿದಳು.

ಮರೆತಿದ್ದೆ ಎಂದು ನಿಮ್ಮ ಹತ್ತಿರ ಹೇಳಬಹುದು, ಆದರೆ ಮರೆತಿರಲಿಲ್ಲ. ಹೊರಗೆ ಗೇಟಿನಲ್ಲಿ ಕಾಗದದ ಡಬ್ಬ, ಅದರ ಬೀಗದಕೈ ನನ್ನ ಗೊಂಚಲಿನಲ್ಲಿ. ಕಾರ್ಡು ಬಂದಾಗಲೆಲ್ಲ ಓದಿದ್ದೆ. ಒಂದು ಬಂದಾಗ ಆಷಾಢ, ಮುಂದಿನ ತಿಂಗಳು ನೋಡೋಣ ಎಂದುಕೊಂಡೆ. ಇನ್ನೊಂದು ಬಂದಾಗ ಮನೆಗೆ ಸುಣ್ಣ ಹೊಡೆಸುತ್ತಿದ್ದೆವು. ಮೈಸೂರಿನವನು ದೂರವಾದ, ನಾನು ನೋಡಿಯೇ ಇರದ ಜಯನಗರದವನ ಮೂಗು ಅಮ್ಮನಿಗೆ ಹಿಡಿಸಲಾರದು ಎಂದು ಅಮ್ಮನನ್ನು ಕೇಳದೆಯೇ ತೀರ್ಮಾನಿಸಿದೆ. ಶಾರದೆಗೂ ಹೇಳಲಿಲ್ಲ. ನಿಜವಾದ ಕಾರಣ ಇನ್ನೊಂದಿತ್ತು. ಅಮ್ಮ ಹಾಸಿಗೆ ಹಿಡಿದು ಒಂಬತ್ತು ವರ್ಷ ಮಲಗಿದ್ದರು, ಪದ್ದು ಆಫೀಸಿಗೆ ಹೋಗುವ ಮೊದಲು, ಬಂದ ಮೇಲೆ, ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಅವಳು ಹೋದರೆ ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಆದ್ದರಿಂದ ಕಾರ್ಡಿಗೂ ಉತ್ತರವಿರಲಿಲ್ಲ. ಕಾರ್ಡುಗಳೆಲ್ಲ ಬೀರುವಿನಲ್ಲಿ ಹಾಸಿದ ಪೇಪರಿನ ಕೆಳಗೆ ಹೋದವು. ಜನಕ್ಕೆ ಮಾತ್ರ ಎಲ್ಲೂ ಕೂಡಿಬರಲಿಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದೆ. ನಾಚಿಕೆಯಾಯಿತು. ಇಷ್ಟು ವಯಸ್ಸಾದ ಮೇಲೆ ಇಷ್ಟೊಂದು ನಾಚಿಕೆ ಇನ್ನೂ ಬಾಕಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಕಮಲಮ್ಮನವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಮುಖ ನೋಡಿ ಬೇಡ ಅನ್ನೋಕೆ ಜನಕ್ಕೆ ಕಷ್ಟ ಅಂತ ನಾನು ಯಾರನ್ನೂ ಬಾಯಿಬಿಟ್ಟು ಕೇಳಲ್ಲ ಪದ್ದು. ಕಾರ್ಡು ಬರೀತೀನಿ, ಉತ್ತರ ಬರ್ಲಿಲ್ಲ ಅಂದ್ರೆ ಬೇಡ ಅಂತ ಅರ್ಥ. ಹನ್ನೊಂದು ಸಲ ನೀನೇ ಬೇಡ ಅಂದೆ ಅಂತ ತಿಳ್ಕೊಂಡಿದ್ದೆ ನಾನು."

"ಪದ್ದು," ಎಂದೆ. "ನಾನು ನಿನಗೆ ಹೇಳ್ಬೇಕಿತ್ತು."

"ಗೊತ್ತಿತ್ತು ಬಿಡಣ್ಣ," ಎಂದಳು. "ಕಮಲಮ್ಮನವರ ಅಕ್ಷರ ನನಗೆ ಗೊತ್ತಿಲ್ವಾ? ಹನ್ನೊಂದು ಕಾರ್ಡೂ ನನ್ ಕೈಯಿಂದಲೇ ನಮ್ಮ ರಸ್ತೆ ಗೂಡಿಗೆ ಹೋಗಿದ್ದು. ಗೂಡಿಗೆ ಹಾಕಿ ಮನೆಗೆ ಬಂದು, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಿದ್ದೆ. ನೀನು ಹುಳಿ ಚೆನ್ನಾಗಿದೆ ಅಂತ ಇನ್ನೊಂದ್ಸಲ ಹಾಕಿಸ್ಕೋತಿದ್ದೆ."

"ಮತ್ತೆ... ಒಂದ್ಸಲನಾದ್ರೂ ಕೇಳ್ಬಾರ್ದಾಗಿತ್ತಾ?"

"ನಿನ್ ಹೆಸರಿಗೆ ಬಂದಿರೋ ಕಾರ್ಡು. ಬೇರೆಯವರ ಕಾಗದದಲ್ಲಿ ಏನಿದೆ ಅಂತ ನಾವು ಕೇಳೋ ಹಾಗಿಲ್ಲ. ರೂಲ್ಸು."

ಅವಳು ಬೈದಿದ್ದರೆ ಒಂದು ಗಂಟೆಯಲ್ಲಿ ಮುಗಿದುಹೋಗುತ್ತಿತ್ತು. ಅವಳು ಅತ್ತಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ನೀಲಿ ನೋಟ್‌ಬುಕ್ಕುಗಳನ್ನು ಎಳೆದುಕೊಂಡು, ಟಿಪ್ಪಣಿಯಲ್ಲಿದ್ದ ಊರು, ಕೆಲಸ ಹಿಡಿದು ಆ ಹನ್ನೊಂದು ಹುಡುಗರ ಪುಟಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಹೋದಳು. ಕೈ ಎಷ್ಟು ಚುರುಕು ಎಂದರೆ ನನ್ನ ಒಂಬತ್ತು ಸೆಕೆಂಡು ಕೂಡ ಜಾಸ್ತಿ ಎನಿಸಿತು. ಏಳನೆಯದರಲ್ಲಿ ನಿಂತಳು.

"ಬಿನ್ನಿಪೇಟೆ. ಡ್ರಾಯಿಂಗ್ ಮೇಷ್ಟ್ರು. ಇವರಿಗೆ ಬೊಟ್ಟಿಲ್ಲ. ಇಡೋದು ಮರೆತ್ರಾ ಕಮಲಮ್ಮ?"

"ಇಲ್ಲಮ್ಮ, ಮರೆತಿಲ್ಲ. ತಾಯಿನ ನೋಡ್ಕೋಬೇಕು ಅಂತ ಅವರೂ ಹಾಗೇ ಉಳಿದ್ಬಿಟ್ರು. ಹೋದ ತಿಂಗಳು ಪೂಜೆಗೆ ಬಂದಿದ್ರು. ಕೋಸಂಬರಿ ಎರಡು ಸಲ ಹಾಕಿಸ್ಕೊಂಡ್ರು." ಕಮಲಮ್ಮನವರ ಮುಖದಲ್ಲಿ ಎಂಟು ದಿನದ ಮೇಲೆ ಮೊದಲ ಸಲ ಬೆಳಕು ಬಂತು. "ಫೋನ್ ಮಾಡ್ಲಾ?"

"ಬೇಡ. ಮುಖ ನೋಡಿ ಬೇಡ ಅನ್ನೋದು ಕಷ್ಟ ಅಂದ್ರಲ್ಲ, ಫೋನಲ್ಲೂ ಅಷ್ಟೇ." ಪದ್ದು ತನ್ನ ಚೀಲದಿಂದ ಒಂದು ಪೋಸ್ಟ್ ಕಾರ್ಡು ತೆಗೆದಳು. ನಮ್ಮಿಬ್ಬರ ಎದುರಿಗೇ, ನಾಲ್ಕೇ ಸಾಲು, ತಿದ್ದದೆ ಬರೆದಳು. ಬರೆದದ್ದನ್ನು ಮುಚ್ಚಿಡಲಿಲ್ಲ, ತೋರಿಸಲೂ ಇಲ್ಲ. ಬಿನ್ನಿಪೇಟೆಯ ವಿಳಾಸ ಬರೆದು ಮುಗಿಸಿದಾಗ ನನ್ನಿಂದ ಸುಮ್ಮನಿರಲು ಆಗಲಿಲ್ಲ. ಇಷ್ಟು ವರ್ಷದ ಪಾಪಕ್ಕೆ ಇಷ್ಟಾದರೂ ಮಾಡೋಣ ಎಂದು ಎದ್ದು ಕೈ ಚಾಚಿದೆ. "ಕೊಡು ಪದ್ದು, ಆಚೆ ಮೂಲೇಲೇ ಡಬ್ಬ ಇದೆ, ನಾನು ಹಾಕ್ಬಿಟ್ಟು ಬರ್ತೀನಿ."

ಪದ್ದು ನನ್ನ ಕೈಯನ್ನು ನೋಡಿದಳು. ಸಿಟ್ಟಿನಿಂದೇನೂ ಅಲ್ಲ, ಪಿನ್‌ಕೋಡ್ ಸರಿಯಿಲ್ಲದ ಲಕೋಟೆಯನ್ನು ನೋಡುವ ಹಾಗೆ. "ಬೇಡಣ್ಣ, ಇದನ್ನ ನಾನೇ ಹಾಕ್ತೀನಿ," ಎಂದು ಕಾರ್ಡನ್ನು ಚೀಲಕ್ಕೆ ಸೇರಿಸಿ ಜಿಪ್ಪು ಎಳೆದಳು. ಎಳೆಯುವ ಮೊದಲು ಕಾರ್ಡಿನ ಕೆಳಗಿನ ಸಾಲು ನನ್ನ ಕಣ್ಣಿಗೆ ಬಿತ್ತು. ಉತ್ತರ ಬರೆಯಬೇಕಾದ ವಿಳಾಸ ಕೊಟ್ಟಿದ್ದಳು. ನಮ್ಮ ಮನೆಯದಲ್ಲ, ಅವಳ ಪೋಸ್ಟಾಫೀಸಿನದು.